ವಲಸೆಗಾರರ ಮೂರು ತಲೆಮಾರುಗಳು

ಜೀವನೋಪಾಯಕ್ಕಾಗಿ ಪರದೇಶವನ್ನು ಸೇರಿದ ಮಾನವನು ತನ್ನ ನಡೆ-ನುಡಿಗಳನ್ನು ಜೊತೆಯಲ್ಲಿಯೇ ಒಯ್ಯುತ್ತಾನೆ. ಅವು ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಮೆರಿಕದ ಜಪಾನೀಯರ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಅವರು ತಲೆಮಾರುಗಳನ್ನು ಎಣಿಸಿಯೇ ಹೆಸರಿಟ್ಟುಕೊಂಡರು. ವಲಸೆ ಬಂದವರು ‘ಇಸ್ಸೇ’, ಅವರ ಮಕ್ಕಳು ‘ನಿಸೇ’, ಮೊಮ್ಮಕ್ಕಳು ‘ಸಾನ್ಸೇ’.

1885ರಿಂದ ಜಪಾನಿ ಕೂಲಿಕಾರರು ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಮುಂದೆ ಅನೇಕರು ಕ್ಯಾಲಿಫೋರ್ನಿಯದಲ್ಲಿ ಬೇಸಾಯವನ್ನು ಕೈಗೊಂಡರು. 1952ರ ಕಾನೂನು ಬರುವವರೆಗೆ ಇಸ್ಸೇಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವವು ದೊರೆಯುತ್ತಿರಲಿಲ್ಲ. ಅಲ್ಲಿಯೇ ಹುಟ್ಟಿದ ಅವರ ಮಕ್ಕಳಾದರೋ ಜನ್ಮತಃ ಪೌರರು. ಹೀಗೆ ಒಂದೇ ಸೂರಿನಡಿಯಲ್ಲಿ ತಂದೆ ಪರದೇಶಿ, ಮಗ ಸ್ವದೇಶಿ ಆಗಿದ್ದರು.

ಈ ಅಂತರವನ್ನು ತುಂಬಲು ಹಿರಿಯರು ಶಾಲೆಗಳನ್ನು ತೆರೆದರು. ಮಕ್ಕಳು ಹಗಲಿನಲ್ಲಿ ಸರಕಾರಿ ಶಾಲೆಯಲ್ಲಿ ಇಂಗ್ಲಿಷನ್ನು ಕಲಿತು, ಸಂಜೆ ಜಪಾನಿ ಶಾಲೆಗೆ ಹೋಗುತ್ತಿದ್ದರು. ಇಂತಹ ಅನೇಕ ಶಾಲೆಗಳನ್ನು ಬೌದ್ಧ ಮಂದಿರಗಳೇ ನಡೆಸುತ್ತಿದ್ದವು. ಹವಾಯಿಯ ಆಡಳಿತವು ಇವುಗಳ ಮೇಲೆ ವಿಧಿಸಿದ ಕಠಿಣ ನಿರ್ಬಂಧಗಳು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1927ರಲ್ಲಿ ತೀರ್ಪಿತ್ತಿತು.

ನ್ಯಾಯಾಲಯವು ಉಳಿಸಿದುದನ್ನು ಯುದ್ಧವು ಅಳಿಸಿತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿ ನಡೆದೊಡನೆ ಶಾಲೆಗಳು ಮುಚ್ಚಿದವು. ಅನೇಕ ಉಪಾಧ್ಯಾಯರು ಬಂಧನಕ್ಕೊಳಗಾದರು. 1942ರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರನೆಯ ಎರಡು ಪಾಲು ಅಮೆರಿಕದ ಪೌರರೇ ಆಗಿದ್ದರು. ತಮ್ಮ ನುಡಿಯೇ ದ್ರೋಹದ ಗುರುತೆನಿಸಿದ ಆ ದಿನಗಳನ್ನು ಕಂಡ ನಿಸೇಗಳಲ್ಲಿ ಅನೇಕರು ತಮ್ಮ ಮಕ್ಕಳಿಗೆ ಜಪಾನಿಯನ್ನು ಕಲಿಸಲಿಲ್ಲ. ಶಿಬಿರದ ಮಾತನ್ನೂ ಎತ್ತಲಿಲ್ಲ. ಅಜ್ಜಿಯೊಡನೆ ಮನಬಿಚ್ಚಿ ಮಾತನಾಡಲು ಬಾರದ ಮೊಮ್ಮಕ್ಕಳು ಬೆಳೆದರು.

ಮಗನು ಮರೆಯಬಯಸುವುದನ್ನು ಮೊಮ್ಮಗನು ನೆನೆಯಬಯಸುತ್ತಾನೆ ಎಂಬ ಆಶಯವನ್ನು ಇತಿಹಾಸಕಾರ ಮಾರ್ಕಸ್ ಲೀ ಹ್ಯಾನ್ಸನ್ 1938ರಲ್ಲಿಯೇ ವ್ಯಕ್ತಪಡಿಸಿದ್ದರು. ಸಾನ್ಸೇಗಳ ವಿಷಯದಲ್ಲಿ ಅದು ನಿಜವಾಯಿತು. 1969ರಲ್ಲಿ ತರುಣರು ಹಿರಿಯರೊಡಗೂಡಿ ಮಾನ್ಜನಾರ್ ಶಿಬಿರದ ನೆಲಕ್ಕೆ ಯಾತ್ರೆ ಕೈಗೊಂಡರು. ಮೂರೂ ತಲೆಮಾರಿನವರ ಹೋರಾಟದ ಫಲವಾಗಿ 1988ರಲ್ಲಿ ಅಮೆರಿಕವು ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರವನ್ನಿತ್ತಿತು. ಗೌರವವು ಮರಳಿತು, ನುಡಿಯು ಅಷ್ಟು ಸುಲಭವಾಗಿ ಮರಳಲಿಲ್ಲ.

ಹೊಸ ನಾಡಿನ ಭಾಷೆಯನ್ನು ಮಕ್ಕಳು ಹೇಗೂ ಕಲಿಯುತ್ತಾರೆ. ಹಳೆಯದನ್ನು ಮಾತ್ರ ಯಾರಾದರೂ ಕಲಿಸಬೇಕಾಗುತ್ತದೆ. ಕಡಲಾಚೆ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.