ಕಿವಿಗೊಡುವುದೆಂದರೆ

ಮಂಗಳೂರಿನ ಹಳೆಬಂದರಿನಲ್ಲಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಬೆಂಗ್ರೆ. ಕಡಲನ್ನು ಸಮೀಪಿಸಿಯೂ ಒಡನೆ ಕೂಡದೆ, ದಡದ ಗುಂಟ ತೆಂಕಣಕ್ಕೆ ಹರಿದು ಅಳಿವೆಬಾಗಿಲಿನಲ್ಲಿ ನೇತ್ರಾವತಿಯನ್ನು ಸೇರುವ ಫಲ್ಗುಣಿಗೂ ಅರಬೀ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳಿನ ನಾಲಗೆ ಅದು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ ಮಕ್ಕಳು ಶಾಲೆಗೆ ಬಂದು ಕನ್ನಡ ಕಲಿಯುತ್ತಾರೆ. ಅಂಥ ಮಕ್ಕಳಿಗೆ ನಮ್ಮ ನುಡಿಗಟ್ಟುಗಳ ಸೊಗಸನ್ನು ಪರಿಚಯಿಸಬೇಕೆಂದು ಅಲ್ಲಿಯ ಶಾಲೆಯೊಂದರಿಂದ ನನಗೆ ಕರೆ ಬಂದಿತ್ತು. ಮಳೆಗಾಲ ಕಳೆದ ಮೇಲೆ ಒಂದು ದಿನ ಹೋದೆ.

“ಮಕ್ಕಳೇ, ಸ್ವಲ್ಪ ಕಿವಿಗೊಡಿ” ಎಂದು ಮಾತು ತೊಡಗಿದೆ. ಮುಂದಿನ ಸಾಲಿನ ಹುಡುಗನೊಬ್ಬ ಎರಡು ಕಿವಿಗಳನ್ನೂ ಹಿಡಿದುಕೊಂಡು ಗಾಬರಿಯಿಂದ ಎದ್ದು ನಿಂತ. ಪಕ್ಕದ ಹುಡುಗಿ ಮೆಲ್ಲಗೆ, “ಕಿವಿ ಹಿಡಿಯುವುದಲ್ಲ, ಕೇಳು ಅಂತ ಹೇಳಿದ್ದು” ಎಂದಳು. ಅವನು ಕೈ ಇಳಿಸಿ ಕುಳಿತ. ನನಗೆ ಆಶ್ಚರ್ಯವಾದದ್ದು ಅವನ ನಡತೆಯಿಂದಲ್ಲ. ತರಗತಿಯಲ್ಲಿ ಒಂದು ಮಗುವೂ ನಗಲಿಲ್ಲವೆಂಬುದರಿಂದ.

ಅವನಿಗೆ ಆಟಿಸಂ ಇದೆಯೆಂದು ಅಧ್ಯಾಪಿಕೆ ಆಮೇಲೆ ತಿಳಿಸಿದರು. “ಮೊದಲ ವರ್ಷ ನಾವೇ ಸೋತಿದ್ದೆವು ಸರ್. ಗಂಟೆ ಹೊಡೆದರೆ ಕಿವಿ ಮುಚ್ಚಿ ಅಂಗಳಕ್ಕೆ ಓಡುತ್ತಿದ್ದ. ಹಠ ಎಂದು ಬೈದದ್ದೂ ಉಂಟು.” ವೈದ್ಯರಿಂದ ವಿಷಯ ತಿಳಿದ ಬಳಿಕ ಅವರು ತಾಯಿತಂದೆಯರ ಒಪ್ಪಿಗೆ ಪಡೆದು ಎಲ್ಲರನ್ನೂ ಕೂಡಿಸಿ ಮಾತನಾಡಿದರಂತೆ. ಎಲ್ಲರನ್ನೂ ಎಂದರೆ ಅಧ್ಯಾಪಕರನ್ನಷ್ಟೇ ಅಲ್ಲ. ಗಂಟೆ ಹೊಡೆಯುವವರನ್ನೂ ಬಿಸಿಯೂಟ ಬಡಿಸುವವರನ್ನೂ ಕೂಡ. ಈಗ ಗಂಟೆಗೆ ಮೊದಲು ಅವನಿಗೊಂದು ಕೈಸನ್ನೆ. ಅನ್ನ, ಸಾಂಬಾರು ಬೇರೆ ಬೇರೆ. ದಿನದ ಕೆಲಸವೆಲ್ಲ ಗೋಡೆಯ ಮೇಲೆ ಚಿತ್ರಗಳಾಗಿ. “ಅವನಿಗೆ ಮಾತ್ರ ಯಾಕೆ?” ಎಂದು ಮಕ್ಕಳು ಕೇಳಿದಾಗ ಅಧ್ಯಾಪಿಕೆ ಕೊಟ್ಟ ಉತ್ತರ ಸರಳವಾದುದು: “ಕನ್ನಡಕ ಬೇಕಾದವರಿಗೆ ಕನ್ನಡಕ, ಎಲ್ಲರಿಗೂ ಒಂದೇ ಕನ್ನಡಕ ಹಾಕಲಿಕ್ಕಾಗುವುದಿಲ್ಲ.”

ಆಟಿಸಂ ಎಂಬ ಪದಕ್ಕೆ ಮೂಲ, ‘ತಾನು’ ಎಂಬರ್ಥದ ಗ್ರೀಕ್ ಶಬ್ದ. ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್ ಅದನ್ನು ಬೇರೊಂದು ಮನೋವ್ಯಾಧಿಯ ಲಕ್ಷಣಕ್ಕಾಗಿ ಟಂಕಿಸಿದನು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಇಂದಿನ ಅರ್ಥ ರೂಢಿಗೆ ಬಂತು. ನಾವು ಅದನ್ನು ‘ಸ್ವಲೀನತೆ’ ಎಂದು ಕನ್ನಡಿಸಿದ್ದೇವೆ. ಪದವೇನೋ ಇಂಪಾಗಿದೆ, ಆದರೆ ಮಗು ತನ್ನಲ್ಲೇ ಲೀನವಾಗಿ ನಮ್ಮನ್ನು ಬೇಡವೆನ್ನುತ್ತಿದೆ ಎಂಬ ತಪ್ಪು ಭಾವನೆಯನ್ನು ಅದು ಹುಟ್ಟಿಸೀತೆಂದು ನನ್ನ ಅಳುಕು. ಬೆಂಗ್ರೆಯ ಹುಡುಗ ನನ್ನನ್ನು ಬೇಡವೆನ್ನಲಿಲ್ಲ. ನನ್ನ ಮಾತನ್ನು ನಾನು ಆಡಿದಂತೆಯೇ ನಂಬಿದನು. ತಾಯಿಯ ಒಲವಿನ ಕೊರತೆಯೇ ಇದಕ್ಕೆ ಕಾರಣವೆಂದು ಒಂದು ಕಾಲದಲ್ಲಿ ವಿದ್ವಾಂಸರೇ ನಂಬಿದ್ದರು. ಎಷ್ಟೋ ತಾಯಂದಿರು ಆ ಸುಳ್ಳಿನ ಹೊರೆಯನ್ನು ಹೊತ್ತರು. ಇದು ಮಿದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಸಾಕಿದ ರೀತಿಯಿಂದ ಬರುವುದಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಅಲ್ಲ.

ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆ ಹೆಸರಿಸಿದ ಏಳು ವೈಕಲ್ಯಗಳಲ್ಲಿ ಇದಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಇದನ್ನು ಗುರುತಿಸಿತು. 2016ರ ಕಾಯಿದೆ ಇಪ್ಪತ್ತೊಂದರ ಪಟ್ಟಿಯಲ್ಲಿ ಇದನ್ನು ಸೇರಿಸಿ, ಇಂಥ ಮಕ್ಕಳನ್ನು ಇತರರೊಡನೆ ಕೂಡಿಸಿ ಕಲಿಸುವುದಕ್ಕೆ ಒತ್ತು ಕೊಟ್ಟಿತು. ಕಾಯಿದೆ ಶಾಲೆಯ ಬಾಗಿಲನ್ನು ತೆರೆಸಬಲ್ಲದು. ಒಳಗೆ ಬಂದವನನ್ನು ನೋಡಿ ನಗದಿರುವುದನ್ನು ಕಲಿಸಬೇಕಾದವರು ನಾವು.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನು ಮುಚ್ಚಿಡಲಾರೆ. ಇಪ್ಪತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ, ವಿದ್ಯಾರ್ಥಿಯೊಬ್ಬನನ್ನು “ನಿನಗೆ ತಲೆ ಇದೆಯೋ ಇಲ್ಲವೋ?” ಎಂದು ಗದರಿದೆ. ಅವನು ಗಂಭೀರವಾಗಿ, “ಇದೆ ಸರ್” ಎಂದ. ತರಗತಿ ಘೊಳ್ಳೆಂದಿತು. ಉದ್ಧಟತನವೆಂದು ಬಗೆದು ಹೊರಗೆ ನಿಲ್ಲಿಸಿದೆ. ಸಂಜೆ ಕಾಲೇಜು ಬಿಟ್ಟು ಹೊರಟಾಗ ಅವನು ಅದೇ ಕಂಬದ ಬಳಿ ನಿಂತಿದ್ದ. ಒಳಗೆ ಬಾ ಎಂದು ನಾನು ಹೇಳಿರಲಿಲ್ಲವಷ್ಟೆ! ಆ ನಿಲುವನ್ನೂ ನಾನು ಹಠವೆಂದೇ ತಿಳಿದೆ. ಕೆಲವು ದಿನಗಳಲ್ಲಿ ಅವನು ಕಾಲೇಜಿಗೆ ಬರುವುದನ್ನೇ ಬಿಟ್ಟ. ಅವನಿಗೆ ಆಟಿಸಂ ಇತ್ತೆಂದು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೆ ಅಂದು ಯಾರಾದರೂ ಒಬ್ಬರು, ಅಧ್ಯಾಪಕರಾಗಲಿ ಜವಾನರಾಗಲಿ, “ಏಕೆ ನಿಂತಿದ್ದೀಯೆ?” ಎಂದು ಕೇಳಿದ್ದರೆ ಸಾಕಿತ್ತು. ನುಡಿಗಟ್ಟಿನ ಅರ್ಥವನ್ನು ಊರಿಗೆಲ್ಲ ಬೋಧಿಸುವ ನಾನು ಆ ಹುಡುಗನ ಉತ್ತರದ ಅರ್ಥವನ್ನು ವಿಚಾರಿಸಲಿಲ್ಲ. ಕಿವಿಗೊಡಬೇಕಾಗಿದ್ದವನು ನಾನು.

ಬೆಂಗ್ರೆಯಿಂದ ಹೊರಡುವಾಗ ರೂಢಿಯಂತೆ ಮಕ್ಕಳಿಗೆ, “ಹೋಗಿ ಬರುತ್ತೇನೆ” ಎಂದೆ. ಆ ಹುಡುಗ ನೆಲವನ್ನೇ ನೋಡುತ್ತ ಕೇಳಿದ:

“ಯಾವಾಗ ಬರುವುದು ಸರ್?”

ನಾನು ತಡವರಿಸಿದೆ. ಆಮೇಲೆ, “ಬರುವ ಗುರುವಾರ, ಹತ್ತು ಗಂಟೆಗೆ” ಎಂದೆ. ಅಧ್ಯಾಪಿಕೆ ಗೋಡೆಯ ಬಳಿಗೆ ಹೋಗಿ ಗುರುವಾರದ ಮನೆಯಲ್ಲಿ ಒಂದು ದೋಣಿಯ ಚಿತ್ರವನ್ನು ಬರೆದರು.

ಆ ಗುರುವಾರ ನಾನು ಒಂಬತ್ತೂವರೆಗೇ ಧಕ್ಕೆಯಲ್ಲಿದ್ದೆ.