ಚಕಮಕಿ ಕಲ್ಲಿನ ಉಪಕರಣಗಳು ಮತ್ತು ಆದಿಕಾಂಡದ ಮಾನವ

ಭಾರತದ ಪ್ರಾಗಿತಿಹಾಸವನ್ನು ಕುರಿತ ಗ್ರಂಥಗಳ ಆರಂಭದಲ್ಲಿಯೇ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಹೆಸರು ಬರುತ್ತದೆ. 1842ರಲ್ಲಿ ಡಾ. ಪ್ರಿಮ್‌ರೋಸ್ ಎಂಬವರು ಅಲ್ಲಿ ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಗುರುತಿಸಿದರು. ನಮ್ಮ ದೇಶದ ಪ್ರಾಗಿತಿಹಾಸ ಅಧ್ಯಯನದ ಆರಂಭವನ್ನು ಈ ಶೋಧದಿಂದಲೇ ಎಣಿಸುವ ರೂಢಿಯಿದೆ. ಅಮರೇಶ್ವರ ಕ್ಷೇತ್ರದಿಂದ ಹೆಸರಾದ ಗುರುಗುಂಟಾ ಇರುವುದು ಇದೇ ತಾಲ್ಲೂಕಿನಲ್ಲಿ. 1915ರಲ್ಲಿ ಅಶೋಕನ ಶಾಸನ ದೊರೆತ ಮಸ್ಕಿ ಇಲ್ಲಿಗೆ ದೂರವಲ್ಲ. 1954ರ ಉತ್ಖನನದಲ್ಲಿ ಅಲ್ಲಿಯ ಕೆಳಸ್ತರದಿಂದ ಸಣ್ಣ ಕಲ್ಲಿನ ಅಲಗುಗಳು ಹೊರಬಂದವು. ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋದರೆ ಹುಣಸಗಿ ಬಳಿಯ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಅಗೆಸಿದ ಕಲ್ಲುಪಕರಣಗಳ ನೆಲೆಯ ವಯಸ್ಸನ್ನು, ಜೊತೆಗೆ ದೊರೆತ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ, ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ.

ಇಂತಹ ನೆಲದಲ್ಲಿ ಸೇವೆಸಲ್ಲಿಸುವ ಗುರುವಿಗೆ ಒಂದಲ್ಲ ಒಂದು ದಿನ ಧರ್ಮೋಪದೇಶದ ತರಗತಿಯಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಈ ಕಲ್ಲುಗಳನ್ನು ಮಾಡಿದವರು ಆದಾಮನಿಗಿಂತ ಮುಂಚಿನವರೋ, ಅನಂತರದವರೋ? ನಕ್ಕು ಜಾರಿಕೊಳ್ಳುವುದು ಉತ್ತರವಾಗದು. ವಿಜ್ಞಾನವನ್ನು ಅಲ್ಲಗಳೆಯುವುದೂ ಉತ್ತರವಾಗದು. ಉತ್ತರಿಸುವ ಮೊದಲು ಆ ಕಲ್ಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು.

ಚಕಮಕಿ ಕಲ್ಲು ಮತ್ತು ಅದರ ಜಾತಿಗೆ ಸೇರಿದ ನುಣುಪು ಕಣದ ಶಿಲೆಗಳು ಪೆಟ್ಟು ಬಿದ್ದಾಗ ಚಿಪ್ಪಿನಾಕಾರದಲ್ಲಿ ಒಡೆಯುತ್ತವೆ. ಪೆಟ್ಟು ಬಿದ್ದ ಜಾಗದ ಕೆಳಗೆ ಚಕ್ಕೆಯ ಮೇಲೆ ಒಂದು ಉಬ್ಬು ಉಳಿಯುತ್ತದೆ. ಮೂಲ ಕಲ್ಲಿನಲ್ಲಿ ಅದಕ್ಕೆ ಹೊಂದುವ ತಗ್ಗು ಉಳಿಯುತ್ತದೆ. ಬೆಟ್ಟದಿಂದ ಉರುಳಿದ ಕಲ್ಲಿನಲ್ಲಿಯೂ ಒಂದೆರಡು ಇಂತಹ ಗುರುತುಗಳು ಇರಬಹುದು. ಆದರೆ ಒಂದೇ ಅಂಚಿನುದ್ದಕ್ಕೂ ಸಾಲಾಗಿ, ಒಂದೇ ಉದ್ದೇಶಕ್ಕೆ ಹೊಂದುವಂತೆ ಚಕ್ಕೆಗಳನ್ನು ಎಬ್ಬಿಸಿದ್ದರೆ, ಅದೇ ಆಕಾರ ಹತ್ತಾರು ಕಲ್ಲುಗಳಲ್ಲಿ ಮರಳಿ ಬಂದರೆ, ಅದು ಕೈಯ ಕೆಲಸವೆಂದು ತಿಳಿಯಬೇಕು. ಇನ್ನು ಅದರ ಕಾಲವನ್ನು ಹೇಳುವುದು ಮುಖ್ಯವಾಗಿ ಅದು ಬಿದ್ದಿರುವ ಸ್ತರ. ಆದ್ದರಿಂದಲೇ ಮೇಲುಮಣ್ಣಿನಲ್ಲಿ ಸಿಕ್ಕ ನೂರು ಕಲ್ಲುಗಳಿಗಿಂತ, ಕದಡದ ಗುಹೆಯ ನೆಲದಡಿ ಸಿಕ್ಕ ಒಂದು ಕಲ್ಲಿಗೆ ಬೆಲೆ ಹೆಚ್ಚು.

ಅಂತಹ ಒಂದು ಗುಹೆಯ ಕಥೆ ಗುರುಗಳಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಇಂಗ್ಲೆಂಡಿನ ಟಾರ್ಕೀ ಪಟ್ಟಣದ ಕೆಂಟ್ಸ್ ಗುಹೆಯಲ್ಲಿ 1825ರಿಂದ 1829ರವರೆಗೆ ಅಗೆದವರು ಐರ್ಲೆಂಡಿನಲ್ಲಿ ಜನಿಸಿದ ಕಥೋಲಿಕ ಗುರು ಜಾನ್ ಮ್ಯಾಕೆನರಿ. ಸುಣ್ಣದ ನೀರು ತೊಟ್ಟಿಕ್ಕಿ ಗಟ್ಟಿಯಾದ ಹಾಸಿನ ಕೆಳಗೆ, ಈಗ ಅಳಿದುಹೋಗಿರುವ ಪ್ರಾಣಿಗಳ ಎಲುಬುಗಳ ಜೊತೆಯಲ್ಲಿಯೇ ಚಕಮಕಿ ಕಲ್ಲಿನ ಉಪಕರಣಗಳು ಅವರಿಗೆ ದೊರೆತವು. ಅಂದರೆ ಆ ಪ್ರಾಣಿಗಳೊಡನೆ ಮನುಷ್ಯನೂ ಬದುಕಿದ್ದನು. ಆಗಿನ ಪ್ರಸಿದ್ಧ ಭೂವಿಜ್ಞಾನಿ, ಆಂಗ್ಲಿಕನ್ ಸಭೆಯ ಗುರು ವಿಲಿಯಂ ಬಕ್‌ಲ್ಯಾಂಡ್ ಇದನ್ನು ಒಪ್ಪಲಿಲ್ಲ. ಪ್ರಾಚೀನ ಬ್ರಿಟನ್ನರು ಒಲೆಗಾಗಿ ಹಾಸನ್ನು ಕೊರೆದಿರಬೇಕು, ಕಲ್ಲುಗಳು ಆ ಕುಳಿಗಳ ಮೂಲಕ ಕೆಳಗಿಳಿದಿರಬೇಕು ಎಂಬುದು ಅವರ ವಾದ. ಅಂತಹ ಕುಳಿಗಳನ್ನು ತಾವು ಎಲ್ಲಿಯೂ ಕಾಣಲಿಲ್ಲವೆಂದು ಮ್ಯಾಕೆನರಿ ತಮ್ಮ ಹಸ್ತಪ್ರತಿಯಲ್ಲಿ ಬರೆದಿಟ್ಟರು. ಆದರೆ ಆ ಬರಹ ಅವರ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ. 1841ರಲ್ಲಿ ಅವರು ತೀರಿಕೊಂಡರು.

1858ರಲ್ಲಿ ಸಮೀಪದ ಬ್ರಿಕ್ಸ್‌ಹ್ಯಾಮ್ ಗುಹೆಯಲ್ಲಿ ವಿಲಿಯಂ ಪೆಂಗೆಲ್ಲಿ ಪ್ರತಿ ಸ್ತರವನ್ನೂ ದಾಖಲಿಸುತ್ತ ಅಗೆದಾಗ ಅದೇ ಸಾಕ್ಷ್ಯ ದೊರೆಯಿತು. ಮರುವರ್ಷ ವಿದ್ವಾಂಸರು ಮಾನವನ ಪ್ರಾಚೀನತೆಯನ್ನು ಒಪ್ಪತೊಡಗಿದರು. ಆ ಅಲೆಯೇ ನಮ್ಮ ದೇಶವನ್ನೂ ಮುಟ್ಟಿತು: 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದರು. ಮ್ಯಾಕೆನರಿಯ ಹಸ್ತಪ್ರತಿಗಳನ್ನು 1869ರಲ್ಲಿ ಪೆಂಗೆಲ್ಲಿಯೇ ಪೂರ್ಣವಾಗಿ ಅಚ್ಚುಹಾಕಿಸಿದರು.

ಈ ಪ್ರಸಂಗವನ್ನು ವಿಶ್ವಾಸಕ್ಕೂ ವಿಜ್ಞಾನಕ್ಕೂ ನಡೆದ ಕಾಳಗವೆಂದು ಹೇಳುವುದು ತಪ್ಪು. ಇಬ್ಬರೂ ವಿಶ್ವಾಸಿಗಳು, ಇಬ್ಬರೂ ಕ್ರೈಸ್ತ ಗುರುಗಳು. ಒಬ್ಬರು ತಾವು ಕಂಡ ನೆಲವನ್ನು ಮುಂದಿಟ್ಟರು. ಇನ್ನೊಬ್ಬರು ಮೊದಲೇ ಇಟ್ಟುಕೊಂಡಿದ್ದ ಕಾಲಗಣನೆಗೆ ನೆಲವನ್ನು ಹೊಂದಿಸಿದರು. ಆ ಕಾಲಗಣನೆಯಾದರೋ ವಿಶ್ವಾಸದ ಸತ್ಯವಾಗಿರಲಿಲ್ಲ. ಸೃಷ್ಟಿಯ ವರ್ಷ ಕ್ರಿಸ್ತಪೂರ್ವ 4004 ಎಂಬ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರರ ಲೆಕ್ಕವು 17ನೆಯ ಶತಮಾನದ ಒಬ್ಬ ವಿದ್ವಾಂಸರ ಪರಿಶ್ರಮವೇ ಹೊರತು ದೈವಪ್ರಕಟಣೆಯಲ್ಲ.

ಆದಿಕಾಂಡವೇ ಇದಕ್ಕೆ ಸಾಕ್ಷಿ. ಅದರ 4ನೆಯ ಅಧ್ಯಾಯದಲ್ಲಿ ಕೆಲವೇ ತಲೆಮಾರುಗಳೊಳಗೆ ಬೇಸಾಯ, ಕುರಿಗಾಹಿತನ, ಪಟ್ಟಣ, ಸಂಗೀತ, ಕೊನೆಗೆ ತೂಬಲ್ಕಾಯಿನನ ಕಂಚು ಕಬ್ಬಿಣಗಳ ಕಮ್ಮಾರಿಕೆ ಬಂದುಬಿಡುತ್ತವೆ. ಶಿಲಾಯುಗಕ್ಕೆ ಅಲ್ಲಿ ಜಾಗವೇ ಇಲ್ಲ. ಪವಿತ್ರಗ್ರಂಥವು ಕಲ್ಲಿನ ಚೂರಿಯನ್ನು ಅರಿಯದೆಯೂ ಇಲ್ಲ: ಚಿಪ್ಪೋರಳು ಮಗನಿಗೆ ಸುನ್ನತಿ ಮಾಡಿದ್ದು ಅದರಿಂದಲೇ (ವಿಮೋಚನಾಕಾಂಡ 4:25), ಯೆಹೋಶುವನು ಮಾಡಿಸಿಕೊಂಡದ್ದೂ ಅದನ್ನೇ (ಯೆಹೋಶುವ 5:2). ಹಾಗಿದ್ದೂ ಆದಿಕಾಂಡದ ಲೇಖಕರು ಉಪಕರಣಗಳ ಇತಿಹಾಸವನ್ನು ಬರೆಯಲು ಹೊರಡಲಿಲ್ಲ. ತಾವು ಕಂಡ ಲೋಕವನ್ನು ಮುಂದಿಟ್ಟು, ಮಾನವನು ದೇವರಿಂದ ಬಂದವನು, ಆತನ ಪ್ರತಿರೂಪ, ಆದರೂ ಬಿದ್ದವನು ಎಂದು ಸಾರಿದರು. ಲೇಖಕನ ಉದ್ದೇಶವನ್ನೂ ಸಾಹಿತ್ಯಪ್ರಕಾರವನ್ನೂ ಅರಿತು ಓದಬೇಕೆಂದು 1965ರ ‘ದೇಯಿ ವೆರ್ಬುಮ್’ (12) ವಿಧಿಸುವುದು ಇದನ್ನೇ. ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ಅಜ್ಞಾನದ ಮಾತನ್ನಾಡಿ ಪವಿತ್ರಗ್ರಂಥವನ್ನು ನಗೆಪಾಟಲಿಗೆ ಈಡುಮಾಡಬಾರದೆಂದು ಸಂತ ಅಗಸ್ಟೀನರು ಆದಿಕಾಂಡದ ವ್ಯಾಖ್ಯಾನದಲ್ಲಿ ಎಚ್ಚರಿಸಿ ಹದಿನಾರು ಶತಮಾನಗಳು ಸಂದಿವೆ.

ಹಾಗಾದರೆ ಎಲ್ಲ ತೊಡಕೂ ಬಗೆಹರಿಯಿತೇ? ಇಲ್ಲ. ಇಸಾಂಪುರದ ಕಲ್ಲನ್ನು ಕಡೆದವರು ನಮ್ಮಂತಹ ಮಾನವರಾಗುವುದಕ್ಕೆ ಬಹಳ ಮುಂಚಿನವರು. ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ತನ್ನ 2004ರ ದಸ್ತಾವೇಜಿನಲ್ಲಿ ಮಾನವಜಾತಿಯು ಆಫ್ರಿಕದಲ್ಲಿ ಸುಮಾರು 1,50,000 ವರ್ಷಗಳ ಹಿಂದೆ ಉದಯಿಸಿತೆಂಬ ವಿಜ್ಞಾನದ ನಿಲುವನ್ನು ಗಮನಕ್ಕೆ ತಂದುಕೊಂಡಿದೆ. ಕಲ್ಲಿನ ಆಕಾರವನ್ನು ಮನಸ್ಸಿನಲ್ಲಿ ಮೊದಲೇ ಕಾಣುವುದು, ಹದವಾದ ಪೆಟ್ಟನ್ನು ಆರಿಸುವುದು, ಆ ವಿದ್ಯೆಯನ್ನು ಕಿರಿಯರಿಗೆ ದಾಟಿಸುವುದು ಬುದ್ಧಿಯ ಗುರುತುಗಳು. ಆದರೆ ಆತ್ಮವು ಯಾವ ಸ್ತರದಲ್ಲಿ ಆರಂಭವಾಯಿತೆಂದು ಗುದ್ದಲಿ ತೋರಿಸಲಾರದು. ‘ಹುಮಾನಿ ಜೆನೆರಿಸ್’ (1950) ವಿಶ್ವಪತ್ರದಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ದೇಹದ ಉಗಮವನ್ನು ಕುರಿತ ಸಂಶೋಧನೆಗೆ ಅವಕಾಶವಿತ್ತರು. ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆಂಬುದನ್ನು ಎತ್ತಿಹಿಡಿದರು. ಮಾನವಕುಲ ಅನೇಕ ಮೂಲಗಳಿಂದ ಬಂದಿತೆಂಬ ಅಭಿಪ್ರಾಯವು ಜನ್ಮಪಾಪದ ಬೋಧನೆಗೆ ಹೇಗೆ ಹೊಂದುವುದೆಂಬುದು ಸ್ಪಷ್ಟವಿಲ್ಲವೆಂದೂ ಎಚ್ಚರಿಸಿದರು. ಈ ಪ್ರಶ್ನೆ ದೈವಶಾಸ್ತ್ರಜ್ಞರಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಗುರುವಿದ್ಯಾರ್ಥಿಗಳಿಂದ ಇದನ್ನು ಮುಚ್ಚಿಡಬಾರದು.

ಆದ್ದರಿಂದ ಧರ್ಮೋಪದೇಶದ ತರಗತಿಯ ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಹೀಗಿರಬಹುದು. ಆದಾಮನನ್ನು ವರ್ಷಗಳ ಸಾಲಿನಲ್ಲಿ ನಿಲ್ಲಿಸಲೆಂದು ಧರ್ಮಸಭೆ ಆದಿಕಾಂಡವನ್ನು ಓದುವುದಿಲ್ಲ. ಮಾನವರೆಲ್ಲರೂ ಒಂದೇ ಕುಲ, ದೇವರ ಕರೆಗೆ ಓಗೊಡಬಲ್ಲವರು, ಆ ಕರೆಯನ್ನು ಆದಿಯಲ್ಲಿಯೇ ಧಿಕ್ಕರಿಸಿದವರು, ಆದ್ದರಿಂದ ವಿಮೋಚನೆ ಬೇಕಾದವರು ಎಂಬುದನ್ನು ತಿಳಿಯಲೆಂದು ಓದುತ್ತದೆ. ಕಲ್ಲು ಇದನ್ನು ಸ್ಥಾಪಿಸುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಆದರೆ ನಮ್ಮ ದೇಹಕ್ಕೆ ಎಷ್ಟು ದೀರ್ಘವಾದ ಪೂರ್ವಕಥೆಯಿದೆ ಎಂಬುದನ್ನು ತೋರಿಸುತ್ತದೆ. ದೇವಪುತ್ರರು ಮಾನವರಾದಾಗ ಧರಿಸಿದ್ದು ಆ ಪೂರ್ವಕಥೆಯನ್ನು ಹೊತ್ತ ದೇಹವನ್ನೇ. ಊರವರು ಅವರನ್ನು ಗುರುತಿಸಿದ್ದು ಉಪಕರಣ ಹಿಡಿದ ಬಡಗಿಯೆಂದು (ಮಾರ್ಕ 6:3).

ಹೊಲದ ಬದುವಿನಲ್ಲಿ ಸಿಕ್ಕ ಚಕ್ಕೆಯೊಂದನ್ನು ಬಾಲಕನೊಬ್ಬ ತಂದು ತೋರಿಸಿದರೆ ಗುರು ಅದನ್ನು ಕೈಗೆತ್ತಿಕೊಂಡು ನೋಡಲಿ. ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಕೇಳಿ ಬರೆದಿಡಲಿ. ಪುರಾತತ್ವ ಇಲಾಖೆಗೆ ತಿಳಿಸಲಿ. ಕಂಡದ್ದನ್ನು ಕಂಡಂತೆ ದಾಖಲಿಸುವುದು ಮ್ಯಾಕೆನರಿ ಎಂಬ ಗುರು ನಮಗೆ ಬಿಟ್ಟುಹೋದ ಮಾದರಿ. ಸೃಷ್ಟಿಯ ಸತ್ಯಕ್ಕೆ ಹೆದರದವನ ಬಾಯಲ್ಲಿ ಸೃಷ್ಟಿಕರ್ತನ ಮಾತಿಗೆ ತೂಕ ಹೆಚ್ಚು.