ತಾತನ ಊರಿಗೆ ವೀಸಾ ಹಾಕಿಸಿಕೊಂಡು ಬಂದ ಅಣ್ಣ

ನನ್ನದು ಹನೂರು ಕಡೆ ಮೂರೂವರೆ ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲ. ಕೊಳವೆ ಬಾವಿ ಇಲ್ಲ. ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು, ಮಳೆ ಕೊಟ್ಟಷ್ಟು ಬೆಳೆ. ಓದಿದ್ದು ಏಳನೇ ಕ್ಲಾಸು. ನಾನು ಹುಟ್ಟಿದ್ದು ಮಾತ್ರ ಈ ಮಣ್ಣಿನಲ್ಲಲ್ಲ. 1968ರಲ್ಲಿ ಸಿಲೋನಿನ ಹಟ್ಟನ್ ಹತ್ತಿರದ ಒಂದು ಟೀ ತೋಟದ ಲೈನ್ ಮನೆಯಲ್ಲಿ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಊರಿನವರ ಬಾಯಲ್ಲಿ ನಮ್ಮದು 'ಸಿಲೋನ್‌ನೋರ ಮನೆ'. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಗುರುತಿಗೆ ಹೇಳುತ್ತಾರೆ, ಅಷ್ಟೆ.

2024ರ ಸಂಕ್ರಾಂತಿ ಕಳೆದ ಮೇಲೆ ನಮ್ಮ ದೊಡ್ಡಪ್ಪನ ಮಗ ಶ್ರೀಲಂಕಾದಿಂದ ಬಂದಿದ್ದರು. ಅವರಿಗೀಗ 62 ವರ್ಷ. ಅವರನ್ನು ಕರೆದುಕೊಂಡು ನಮ್ಮ ಹಿರಿಯರ ಊರಿಗೆ ಹೋಗಿ ಬಂದೆ. ಅಲ್ಲಿಂದ ಒಂದು ಬೀಜವೂ ಬಂತು, ಒಂದು ಯೋಚನೆಯೂ ಬಂತು. ಎರಡನ್ನೂ ಓದುಗ ರೈತರ ಮುಂದೆ ಇಡುತ್ತೇನೆ.

ಹೋದದ್ದು ಹೇಗೆ?

ನಮ್ಮ ಮುತ್ತಾತ ತಿರುಚ್ಚಿ ಜಿಲ್ಲೆಯ ತುರೈಯೂರು ಕಡೆಯವರು. ಮಳೆ ಹೋಗಿ, ಸಾಲ ಏರಿ, ಕಂಗಾಣಿಯ ಮಾತು ಕೇಳಿ ಕಡಲು ದಾಟಿದರು. ಕಂಗಾಣಿ ಅಂದರೆ ತೋಟಕ್ಕೆ ಆಳು ಕೂಡಿಸುವ ಮೇಸ್ತ್ರಿ. ಅವರಿಗಿಂತ ಎಷ್ಟೋ ಮುಂಚೆ, 1820ರ ದಶಕದಿಂದಲೇ, ಬ್ರಿಟಿಷರು ಕಾಫಿ ತೋಟಕ್ಕೆ ತಮಿಳು ಸೀಮೆಯ ಬಡವರನ್ನು ಸಾಗಿಸುತ್ತಿದ್ದರು. ಮನ್ನಾರ್ ಕಡಲ ದಂಡೆಯಲ್ಲಿ ಇಳಿದು ಕಾಡು ಹಾದು ಮಾತಳೆಗೆ ನಡೆದೇ ಹೋಗಬೇಕಿತ್ತು. ದಾರಿಯಲ್ಲಿ ಕಾಲರಾ, ಜ್ವರ ಬಂದು ಸತ್ತವರಿಗೆ ಲೆಕ್ಕವಿಲ್ಲ. 1869ರಲ್ಲಿ ಕಾಫಿಗೆ ಎಲೆ ತುಕ್ಕು ರೋಗ ಬಿತ್ತು. ಕಾಫಿ ಹೋಗಿ ಟೀ ಬಂತು. ಗಿಡ ಬದಲಾಯಿತು, ಆಳು ಬದಲಾಗಲಿಲ್ಲ.

1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಪೌರತ್ವ ಕಾನೂನಿನಿಂದ ತೋಟದ ಜನರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಆಗಿನ ಲೆಕ್ಕದ 9,75,000 ಜನರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಕಣದಲ್ಲಿ ರಾಗಿ ರಾಶಿ ಅಳೆದು ಹಂಚಿದ ಹಾಗೆ. ನಮ್ಮ ಅಪ್ಪ ಭಾರತಕ್ಕೆ ಅರ್ಜಿ ಹಾಕಿದರು, ದೊಡ್ಡಪ್ಪ ಅಲ್ಲಿಗೇ ಹಾಕಿದರು. ಒಂದೇ ಒಲೆಯಲ್ಲಿ ಉಂಡವರು ಎರಡು ದೇಶದವರಾದರು.

'ಎಷ್ಟು ದಿನ ಇರ್ತೀರಿ?'

ನಾವು ಬಂದದ್ದು 1976ರಲ್ಲಿ. ನನಗೆ ಎಂಟು ವರ್ಷ. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು. ಅಪ್ಪ ದಾರಿಯುದ್ದಕ್ಕೂ "ನಮ್ಮೂರಿಗೆ ಹೋಗ್ತಾ ಇದ್ದೀವಿ, ಅಳಬೇಡ" ಅಂತ ಅವ್ವನಿಗೆ ಹೇಳುತ್ತಿದ್ದರು. ಆ ಊರನ್ನು ಅಪ್ಪನೂ ನೋಡಿರಲಿಲ್ಲ.

ಮಂಡಪಂ ಶಿಬಿರದಿಂದ ಸೀದಾ ಆ ಊರಿಗೇ ಹೋದೆವು. ದಾಯಾದಿಗಳು ಎಲೆ ಹಾಕಿ ಊಟ ಬಡಿಸಿದರು. ಕೈ ತೊಳೆದು ಜಗುಲಿಗೆ ಬರುತ್ತಲೂ ಮನೆಯ ಹಿರಿಯರು ಕೇಳಿದರು, "ಎಷ್ಟು ದಿನ ಇರ್ತೀರಿ?" ಅಪ್ಪ ಮಾತಾಡಲಿಲ್ಲ. ಬೆಳಗಿನ ಬಸ್ಸಿಗೇ ಹೊರಟೆವು.

ಸರ್ಕಾರ ಕೊಟ್ಟ ವ್ಯಾಪಾರದ ಸಾಲದಲ್ಲಿ ಮಧ್ಯವರ್ತಿಯೊಬ್ಬ ತನ್ನ ಪಾಲು ತಿಂದ. ಉಳಿದದ್ದರಲ್ಲಿ ಅಂಗಡಿ ಇಟ್ಟು ಕೈ ಸುಟ್ಟುಕೊಂಡದ್ದಾಯಿತು. ನಮ್ಮಂತೆ ಬಂದ ಕೆಲವರಿಗೆ ನೀಲಗಿರಿಯ ಟೀ ತೋಟದಲ್ಲಿ, ಕೆಲವರಿಗೆ ನಮ್ಮ ರಾಜ್ಯದ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಅಪ್ಪ ಕಲ್ಲು ಕ್ವಾರಿಯ ಕೂಲಿಗೆ ಮೇಟೂರು ದಾಟಿ ಕೊಳ್ಳೇಗಾಲದ ಸೀಮೆಗೆ ಬಂದರು. ನಾನು ಕನ್ನಡ ಶಾಲೆ ಸೇರಿದೆ.

ಚರಂಡಿ ತೋಡಿದ ರೈತ

1989ರಲ್ಲಿ ಕೂಡಿಟ್ಟ ದುಡ್ಡಿಗೆ ಎರಡು ಎಕರೆ ಇಳಿಜಾರು ಹೊಲ ಕೊಂಡೆವು. ನಮ್ಮ ಮನೆಯಲ್ಲಿ ಬೇಸಾಯ ಗೊತ್ತಿದ್ದವರು ಒಬ್ಬರೂ ಇಲ್ಲ. ಟೀ ಚಿಗುರು ಬಿಡಿಸುವುದು ಗೊತ್ತು, ಗಿಡ ಸವರುವುದು ಗೊತ್ತು. ಮಳೆ ನೋಡಿ ಬಿತ್ತುವುದು ಗೊತ್ತಿಲ್ಲ. ಮೊದಲ ವರ್ಷ ರಾಗಿಯನ್ನು ಒತ್ತಾಗಿ ಚೆಲ್ಲಿ ಹುಲ್ಲು ಬೆಳೆದೆವು, ಕಾಳು ಬೆಳೆಯಲಿಲ್ಲ.

ಪಕ್ಕದ ಹೊಲದ ಯಜಮಾನರು ಎರಡನೇ ವರ್ಷ ತಾವಾಗಿಯೇ ಕೂರಿಗೆ ಹೂಡಿಕೊಂಡು ಬಂದರು. ಯಾವ ಮಳೆಗೆ ಯಾವ ಬಿತ್ತನೆ, ರಾಗಿಯ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಎಲ್ಲಿ, ಕುಂಟೆ ಯಾವಾಗ, ಬೀಜದ ರಾಗಿಯನ್ನು ಹೇಗೆ ಇಡಬೇಕು, ಎಲ್ಲ ಕಲಿಸಿದರು. ಒಂದು ಸಲವೂ "ಎಷ್ಟು ದಿನ ಇರ್ತೀರಿ" ಅಂತ ಕೇಳಲಿಲ್ಲ.

ಅಪ್ಪ ತಮಗೆ ಗೊತ್ತಿದ್ದ ಒಂದು ಕೆಲಸ ಮಾಡಿದರು. ಟೀ ತೋಟದಲ್ಲಿ ಇಳಿಜಾರಿಗೆ ಅಡ್ಡವಾಗಿ ತೋಡುವ ಕಾಲುವೆಗೆ 'ಕಾನು' ಅನ್ನುತ್ತಾರೆ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಹನ್ನೆರಡು ಅಡಿಗೊಂದು ಕಡೆ ಮಣ್ಣನ್ನು ತೆಗೆಯದೆ ತಡೆ ಬಿಡಬೇಕು. ತಡೆಯ ಎತ್ತರ ಹೊಲದ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಆಗ ನೀರು ಓಡುವುದಿಲ್ಲ, ಗುಂಡಿಯಿಂದ ಗುಂಡಿಗೆ ತುಂಬಿ ಇಂಗುತ್ತದೆ. ಕೊಚ್ಚಿ ಬಂದ ಮಣ್ಣನ್ನು ಬೇಸಿಗೆಯಲ್ಲಿ ಎತ್ತಿ ಮೇಲಿನ ಪಟ್ಟಿಗೆ ಹಾಕಬೇಕು. "ಸಿಲೋನ್‌ನೋನು ಹೊಲದಲ್ಲಿ ಚರಂಡಿ ತೋಡ್ತಾವ್ನೆ" ಅಂತ ಜನ ನಕ್ಕರು. ಮಳೆ ಕೈಕೊಟ್ಟ ವರ್ಷ ನಮ್ಮ ಅವರೆ ಹೂ ಉದುರಿಸದೆ ನಿಂತಿತು. ಮುಂದಿನ ಬೇಸಿಗೆಗೆ ಕೂರಿಗೆ ತಂದ ಯಜಮಾನರೇ ಅಪ್ಪನನ್ನು ಕರೆದು ತಮ್ಮ ಹೊಲದಲ್ಲಿ ಕಾನು ತೋಡಿಸಿದರು.

ಒಂದೇ ತಾತ, ಎರಡು ಗುರುತು ಚೀಟಿ

ಇನ್ನು ಅಣ್ಣನ ವಿಚಾರ. ಉಳಿದ ತೋಟದ ಜನರಿಗೆ ಪೌರತ್ವ ಕೊಡುವ ಕಾನೂನು ಶ್ರೀಲಂಕಾದಲ್ಲಿ ಆದದ್ದು 2003ರಲ್ಲಿ. ಈಗ ಅವರನ್ನು 'ಮಲೈಯಹ ತಮಿಳರು', ಅಂದರೆ ಗುಡ್ಡನಾಡಿನ ತಮಿಳರು ಅನ್ನುತ್ತಾರೆ. ಅವರು ಅಲ್ಲಿಗೆ ಹೋಗಿ 200 ವರ್ಷ ತುಂಬಿತೆಂದು 2023ರಲ್ಲಿ ತಲೈಮನ್ನಾರಿನಿಂದ ಮಾತಳೆಗೆ, ಹಿರಿಯರು ನಡೆದ ದಾರಿಯಲ್ಲೇ, ಜನ ಕಾಲ್ನಡಿಗೆ ಮಾಡಿದರು. ಅಣ್ಣನೂ ಕೊನೆಯ ಎರಡು ದಿನ ನಡೆದರಂತೆ. ಆಗಲೇ ಈ ಕಡೆಯ ದಾರಿಯನ್ನೂ ನೋಡಬೇಕು ಅನ್ನಿಸಿತಂತೆ.

ತಿರುಚ್ಚಿಗೆ ವಿಮಾನದಲ್ಲಿ ಬಂದಿಳಿದರು. ಸುಮಾರು ಒಂದು ಗಂಟೆಯ ಹಾದಿ. ಲಾಡ್ಜಿನಲ್ಲಿ ನನ್ನ ಆಧಾರ್ ಕೇಳಿದರು. ಅಣ್ಣನ ಪಾಸ್‌ಪೋರ್ಟು, ವೀಸಾ, ಫೋಟೋ ಎಲ್ಲ ಕೇಳಿದರು. ಪರದೇಶದವರನ್ನು ಉಳಿಸಿಕೊಂಡವರು ಆಗ 24 ಗಂಟೆಯೊಳಗೆ 'ಸಿ ಫಾರಂ' ತುಂಬಬೇಕಿತ್ತು. ಮನೆಯಲ್ಲಿ ಉಳಿಸಿಕೊಂಡರೂ ಅಷ್ಟೆ. ಅಣ್ಣ ನಕ್ಕು, "ಅಲ್ಲಿ ನಮ್ಮನ್ನ ಇಂಡಿಯಾದೋರು ಅಂತಿದ್ರು. ಇಂಡಿಯಾಗೆ ಬಂದ್ರೆ ಫಾರಿನ್‌ನೋನು ಅಂತ ಬರ್ಕೋತಾರೆ" ಅಂದರು.

ಹೊರದೇಶದಲ್ಲಿರುವ ಭಾರತ ಮೂಲದವರಿಗೆ ಒಸಿಐ ಕಾರ್ಡು ಇದೆ. ಅದಕ್ಕೆ ತಾತ, ಮುತ್ತಾತ ಇಲ್ಲಿಯವರು ಎಂದು ಕಾಗದದಲ್ಲಿ ತೋರಿಸಬೇಕು. ಕಂಗಾಣಿಯ ಹಿಂದೆ ನಡೆದು ಹೋದವರು ಕಾಗದ ಎಲ್ಲಿಂದ ತರುತ್ತಾರೆ? ಇನ್ನೊಂದು ಮಾತು ರೈತರು ತಿಳಿದಿರಲಿ: ಆ ಕಾರ್ಡು ಇದ್ದವರೂ ಇಲ್ಲಿ ಮನೆ ಕೊಳ್ಳಬಹುದು, ಕೃಷಿ ಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಣ್ಣನಿಗೆ ಅಲ್ಲಿರುವುದು ತೋಟದ ಜನರಿಗೆ ಮನೆ ಕಟ್ಟಲು ಕೊಟ್ಟ ಏಳು ಪರ್ಚ್ ಜಾಗ. ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಗುಂಟೆ. ಮನೆಯ ಹಿಂದೆ ಕ್ಯಾರೆಟ್, ಲೀಕ್ಸ್ ಬೆಳೆಯುತ್ತಾರೆ.

ಮತ್ತೆ ಅದೇ ಪ್ರಶ್ನೆ

ತುರೈಯೂರಿನಿಂದ ಬಸ್ಸು ಹತ್ತಿ ಊರಿಗೆ ಹೋದೆವು. ಮುತ್ತಾತನ ತಮ್ಮನ ವಂಶದವರು ಇದ್ದಾರೆ. ಕೂರಿಸಿದರು, ಕಾಫಿ ಕೊಟ್ಟರು. ಕಾಫಿ ಮುಗಿಯುವ ಮೊದಲೇ ಮನೆಯ ಯಜಮಾನರು "ಯಾವಾಗ ಹೊರಡೋದು?" ಅಂದರು. 48 ವರ್ಷದ ಹಿಂದಿನ ಜಗುಲಿ ನೆನಪಾಗಿ ನನಗೆ ಸಿಟ್ಟು ಬಂತು.

ಅಣ್ಣನಿಗೆ ಸಿಟ್ಟು ಬರಲಿಲ್ಲ. "ಪಾಲು ಕೇಳೋಕೆ ಬಂದಿಲ್ಲಪ್ಪ. ನಮ್ಮಜ್ಜಿ ಸಾಯೋವರೆಗೂ ವರಗು ಅನ್ನ, ವರಗು ಅನ್ನ ಅಂತಿದ್ರು. ತೋಟದಲ್ಲಿ ಅಕ್ಕಿ, ಹಿಟ್ಟು ಬಿಟ್ರೆ ಬೇರೆ ಇಲ್ಲ. ಆ ಪೈರು ಹೇಗಿರ್ತದೆ ತೋರಿಸಿ, ಸಾಕು" ಅಂದರು.

ಯಜಮಾನರು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದರು: ಇರುವುದು ಎರಡೂಕಾಲು ಎಕರೆ. ಅದರ ಮೇಲೆ ಅಣ್ಣತಮ್ಮಂದಿರ ಪಾಲಿನ ಕೇಸು. ಸಿಲೋನಿನ ಕಡೆಯವರು ಬಂದರೆಂದ ಕೂಡಲೇ ಮನೆ ಹೆಂಗಸರಿಗೆ ಎದೆ ಒಡೆಯಿತು. ನನ್ನ ಸಿಟ್ಟು ಅಲ್ಲೇ ಇಳಿಯಿತು. ನನ್ನದೂ ಮೂರೂವರೆ ಎಕರೆ. ನಾಳೆ ಯಾರೋ ಬಂದು "ನಾವೂ ಇದೇ ಮನೆಯವರು" ಅಂದರೆ ನಾನೂ ಅದನ್ನೇ ಕೇಳುತ್ತೇನೆ. 1976ರಲ್ಲಿ ಅಪ್ಪನನ್ನು ಕೇಳಿದವರೂ ಕಲ್ಲೆದೆಯವರಲ್ಲ, ಹೆದರಿದವರು.

ಊರಿನ ಸುತ್ತ ಮೆಕ್ಕೆಜೋಳ, ಹತ್ತಿ, ಸಣ್ಣ ಈರುಳ್ಳಿ. ವರಗು ಇದ್ದದ್ದು ಒಬ್ಬ ಮುದುಕರ ಹೊಲದ ಮೂಲೆಯಲ್ಲಿ, ಕೊಯ್ಲಿಗೆ ಬಂದಿತ್ತು. ನಾವು ಹಾರಕ ಅನ್ನುವುದು ಅದನ್ನೇ. ಅಣ್ಣ ತೆನೆ ಹಿಡಿದು ಬಹಳ ಹೊತ್ತು ನಿಂತರು. ಮುದುಕರು ದುಡ್ಡು ಬೇಡವೆಂದು ಎರಡು ಕಿಲೋ ಬೀಜ ಕಟ್ಟಿಕೊಟ್ಟರು.

ಅಣ್ಣ ನಮ್ಮ ಮನೆಯಲ್ಲಿ ಹನ್ನೆರಡು ದಿನ ಇದ್ದರು. ಮೊದಲ ಬೆಳಗ್ಗೆ ಹೊಲಕ್ಕೆ ಬಂದವರು ಕಾನು ನೋಡಿ ಚಕ್ಕನೆ ನಿಂತರು. "ಇದು ನಮ್ಮೂರ ಕಾನಲ್ವೇನೋ! ಚಿಕ್ಕಪ್ಪ ತೋಡಿದ್ದಾ?" ಅಂತ ಕೆಳಗಿಳಿದು ತಡೆಯನ್ನು ಕೈಯಿಂದ ಸವರಿದರು. ತಾತನ ಊರಿನಲ್ಲಿ ಬಾರದ ಕಣ್ಣೀರು ಇಲ್ಲಿ ಬಂತು. ಹನ್ನೊಂದನೇ ದಿನ, "ಕ್ಯಾರೆಟ್ ಕಳೆ ತೆಗೀಬೇಕು, ಊರಿಗೆ ಹೋಗ್ತೀನಿ" ಅಂದರು. ಊರು ಅಂದರೆ ಅವರಿಗೆ ಹಟ್ಟನ್.

ಹಾರಕ ಬೆಳೆದ ಲೆಕ್ಕ

2024ರ ಆಗಸ್ಟಿನಲ್ಲಿ, ಮಖೆ ಮಳೆಗೆ, ಇಪ್ಪತ್ತು ಗುಂಟೆಗೆ ಎರಡು ಕಿಲೋ ಬಿತ್ತಿದೆ. ಕೊಟ್ಟಿಗೆ ಗೊಬ್ಬರ ಬಿಟ್ಟು ಏನೂ ಹಾಕಿಲ್ಲ. ಎರಡು ಸಲ ಕಳೆ ತೆಗೆಸಿದೆ. ನಡುವೆ ಮಳೆ ಬಿಟ್ಟಾಗ ರಾಗಿ ಬಾಡಿತು, ಹಾರಕ ಜಗ್ಗಲಿಲ್ಲ. ಕೊಯ್ಲಿನ ಹೊತ್ತಿಗೆ, ಡಿಸೆಂಬರ್ ಮೊದಲಲ್ಲಿ, ಫೆಂಗಲ್ ಚಂಡಮಾರುತದ ಮಳೆ ಹಿಡಿಯಿತು. ಮೊದಲೇ ಕೊಯ್ದು ಒಳಗಿಟ್ಟ ಒಂದೂಕಾಲು ಕ್ವಿಂಟಾಲ್ ಉಳಿಯಿತು. ನೆಂದದ್ದನ್ನು ತಿಪ್ಪೆಗೆ ಹಾಕಿದೆ.

ಹಾರಕ ಬೆಳೆಯುವವರು ಇದನ್ನು ಮರೆಯಬಾರದು. ಬಲಿತ ತೆನೆ ಮಳೆಗೆ ನೆಂದು ಬೂಷ್ಟು ಹಿಡಿದರೆ ಕಾಳು ವಿಷವಾಗುತ್ತದೆ. ತಿಂದರೆ ತಲೆಸುತ್ತು, ವಾಂತಿ, ನಡುಕ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆ ಸತ್ತದ್ದು ಬೂಷ್ಟು ಹಿಡಿದ ಹಾರಕ ತಿಂದು. ದನಕ್ಕೂ ಹಾಕಬೇಡಿ. ಇನ್ನೊಂದು ತೊಂದರೆ ಸಿಪ್ಪೆ. ಪದರ ಪದರವಾಗಿ ಗಟ್ಟಿ ಇರುತ್ತದೆ. ಬೀಸಿ, ಕೇರಿ ಅಕ್ಕಿ ಮಾಡುವಷ್ಟರಲ್ಲಿ ನನ್ನ ಹೆಂಡತಿ, "ನಿಮ್ಮಜ್ಜಿ ಸಿಲೋನಿಗೆ ಹೋಗಿದ್ದು ಇದಕ್ಕೇ ಇರ್ಬೇಕು" ಅಂದಳು.

2020ರ ಲಾಕ್‌ಡೌನ್ ಆದಮೇಲೆ ನಮ್ಮ ಕಡೆಯೂ ಪಟ್ಟಣ ಬಿಟ್ಟು ಹಳ್ಳಿಗೆ ಬಂದವರು ಕೆಲವರಿದ್ದಾರೆ. ಕೆಲವರಿಗೆ ತಾತನ ಹೊಲ ಇದೆ, ಕೂರಿಗೆ ಹಿಡಿಯಲು ಬಾರದು. ಅವರು ಒತ್ತಾಗಿ ರಾಗಿ ಚೆಲ್ಲಿದಾಗ ಬದುವಿನ ಮೇಲೆ ನಿಂತು ನಗುವವರ ಸಾಲಿನಲ್ಲಿ ನಾನೂ ಒಂದು ಸಲ ನಿಂತಿದ್ದೆ. ಈಗ ನಿಲ್ಲುವುದಿಲ್ಲ. ಕಳೆದ ವರ್ಷ ಅಂಥ ಒಬ್ಬ ಹುಡುಗನ ಹೊಲಕ್ಕೆ ನಾನೇ ಕೂರಿಗೆ ತೆಗೆದುಕೊಂಡು ಹೋದೆ.

ಹಾರಕದ ಬೀಜ ಸ್ವಲ್ಪ ಇಟ್ಟಿದ್ದೇನೆ. ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಬರೆದರೆ ಅರ್ಧ ಅರ್ಧ ಕಿಲೋ ಕಳಿಸುತ್ತೇನೆ. ದುಡ್ಡು ಬೇಡ. ಬೆಳೆದ ಮೇಲೆ ಇನ್ನೊಬ್ಬರಿಗೆ ಕೊಟ್ಟರೆ ಆಯಿತು.